ಬಾಳೆಹಣ್ಣಿನ ಸಿಪ್ಪೆ ನೀರಿನ ವಿಷ ಹೀರುತ್ತಾ?

ನಮ್ಮ ಹುಲಿಯೂರುದುರ್ಗದಲ್ಲಿ ತಿಪ್ಪೆಗೆ ಬೀಳೋ ಹಣ್ಣಿನ ಸಿಪ್ಪೆಗೂ ಬೆಂಗಳೂರಿನ ಪೀಣ್ಯದ ನೀರಿಗೂ ಏನು ಸಂಬಂಧ? ಹೇಳ್ತೀನಿ ಕೇಳಿ.

ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿವೆ, ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದೆ. ಕುಡಿಯೋ ನೀರಲ್ಲಿ ಲೀಟರಿಗೆ ಕ್ರೋಮಿಯಂ 0.05 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ ದಾಟಬಾರದು. ಎಷ್ಟು ಕುದಿಸಿದ್ರೂ ಲೋಹ ಹೋಗಲ್ಲ.

ಸಿಪ್ಪೆಯಲ್ಲಿ ಪೆಕ್ಟಿನ್ ಇದೆ, ಜಾಮ್ ಗಟ್ಟಿಯಾಗೋದು ಇದರಿಂದ್ಲೇ. ನೀರಲ್ಲಿ ಇದಕ್ಕೆ ಮೈನಸ್ ಚಾರ್ಜ್. ಸೀಸ, ತಾಮ್ರಕ್ಕೆ ಪ್ಲಸ್. ಹಾಗಾಗಿ ಅಂಟಿಕೊಳ್ತವೆ. 2011ರಲ್ಲಿ ಬ್ರೆಜಿಲ್ ವಿಜ್ಞಾನಿಗಳು ಬಾಳೆಸಿಪ್ಪೆ ಪುಡಿಯಿಂದ ನದಿ ನೀರಲ್ಲಿದ್ದ ಈ ಎರಡನ್ನೂ ಹಿಡಿದು ತೋರಿಸಿದ್ರು.

ಆದ್ರೆ ಕ್ರೋಮಿಯಂನ ವಿಷಕಾರಿ ರೂಪಕ್ಕೆ ನೀರಲ್ಲಿ ಮೈನಸ್ ಚಾರ್ಜೇ ಇರುತ್ತೆ. ನೀರಿಗೆ ಆಮ್ಲ ಸೇರಿಸಿದಾಗಲೇ ಸಿಪ್ಪೆ ಅದನ್ನ ಚೆನ್ನಾಗಿ ಹಿಡಿಯೋದು. ಅಂದ್ರೆ ಇದು ಕಾರ್ಖಾನೆ ಮಟ್ಟದ ಕೆಲಸ.

ಹಾಗಾಗಿ ವಾಟ್ಸಾಪ್ ನೋಡಿ ಮನೆ ಬಿಂದಿಗೆಗೆ ಸಿಪ್ಪೆ ಹಾಕಬೇಡಿ. ಕೊಳೆತು ರೋಗಾಣು ಬೆಳೆಯುತ್ತೆ, ಎಷ್ಟು ಲೋಹ ಉಳೀತು ಅಂತ ಕಣ್ಣಿಗೆ ಕಾಣಲ್ಲ. ಲೋಹ ಹಿಡಿದ ಸಿಪ್ಪೆಯೂ ವಿಷವೇ, ತಿಪ್ಪೆಗೆ ಎಸೆದ್ರೆ ಗೊಬ್ಬರದ ಜೊತೆ ಹೊಲ ಸೇರುತ್ತೆ. ಬಿಕಾಂ ಓದಿದೋನ ಲೆಕ್ಕದಲ್ಲಿ ಹೇಳೋದಾದ್ರೆ, ಸಾಲ ತೀರಿಲ್ಲ, ಖಾತೆ ಬದಲಾಗಿದೆ ಅಷ್ಟೇ.

ಬೋರ್‌ವೆಲ್ ನೀರಿನ ಬಗ್ಗೆ ಅನುಮಾನ ಇದ್ರೆ, ಮೊದಲು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ.