ಸ್ಮಾರ್ಟ್ ಉಪಕರಣಗಳ ಮಾರಾಟ: ವರ್ತಕರ ಹೊಣೆ ಎಲ್ಲಿಯವರೆಗೆ?

ಮೊಬೈಲಿನಿಂದ ಉರಿಸಬಹುದಾದ ಬಲ್ಬು, ಧ್ವನಿಯ ಆಜ್ಞೆಗೆ ಓಗೊಡುವ ಪ್ಲಗ್, ಊರಾಚೆಯಿಂದಲೇ ತೆರೆಯಬಹುದಾದ ಬೀಗ ಮುಂತಾದವು ಇಂದು ವಿದ್ಯುತ್ ಸಾಮಗ್ರಿಗಳ ಸಾಮಾನ್ಯ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಅವುಗಳ ಬೆನ್ನಿಗೇ ಗ್ರಾಹಕರ ತಕರಾರುಗಳೂ ಬರುತ್ತವೆ. ಇವುಗಳಲ್ಲಿ ಕೆಲವು ಉಪಕರಣದ ದೋಷವೇ ಅಲ್ಲ. ಅಗ್ಗದ ಸ್ಮಾರ್ಟ್ ಬಲ್ಬು, ಪ್ಲಗ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಹೊಂದುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಅವು ಸಂಪರ್ಕಗೊಳ್ಳುವುದಿಲ್ಲ. ಮಾರುವಾಗಲೇ ಇಷ್ಟನ್ನು ತಿಳಿಸಿದರೆ ಎಷ್ಟೋ ಸರಕು ವಾಪಸು ಬರುವುದು ತಪ್ಪುತ್ತದೆ.

ಗಂಭೀರವಾದ ತೊಂದರೆ ಬೇರೊಂದಿದೆ. ಸಾಮಾನ್ಯ ಸ್ವಿಚ್ಚು ಪೂರ್ತಿಯಾಗಿ ಕೊಂಡವನ ಗೋಡೆಯಲ್ಲಿರುತ್ತದೆ. ಸ್ಮಾರ್ಟ್ ಸ್ವಿಚ್ಚಿನ ಬುದ್ಧಿಯ ಭಾಗ ಬಹುಮಟ್ಟಿಗೆ ತಯಾರಕರ ಸರ್ವರ್‌ನಲ್ಲಿರುತ್ತದೆ. ಬೆಲೆ ಒಂದೇ ಬಾರಿ ವಸೂಲಾಗುತ್ತದೆ. ಸರ್ವರ್ ನಡೆಸುವ ವೆಚ್ಚವಾದರೋ ವರ್ಷವರ್ಷವೂ ಬರುತ್ತದೆ. ಹೊಸ ಮಾರಾಟ ಕುಸಿದಾಗ ಈ ವೆಚ್ಚವನ್ನು ಭರಿಸುವವರು ಯಾರೆಂಬ ಪ್ರಶ್ನೆಯನ್ನು, ಬ್ಯಾಲೆನ್ಸ್ ಶೀಟ್ ಓದಬಲ್ಲ ಯಾರಾದರೂ ಕೇಳಿಯಾರು.

ಅಮೆರಿಕದಲ್ಲಿ ಇದಕ್ಕೆ ಉತ್ತರ ದೊರೆತಿದೆ. ನೆಸ್ಟ್ ಸಂಸ್ಥೆ 2014ರಲ್ಲಿ ಖರೀದಿಸಿದ ರಿವಾಲ್ವ್ ಕಂಪನಿಯ ಸುಮಾರು 300 ಡಾಲರ್ ಬೆಲೆಯ ಹಬ್, 2016ರ ಮೇ ತಿಂಗಳಲ್ಲಿ ಸೇವೆ ನಿಂತು ನಿರುಪಯುಕ್ತವಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್‌ನ ಸರ್ವರ್‌ಗಳು ಗ್ರಾಹಕರಿಗೆ ಮುನ್ಸೂಚನೆಯಿಲ್ಲದೆ ಸ್ತಬ್ಧವಾದವು. ಬಳಕೆದಾರರದೇ ಒಂದು ಗುಂಪು ಮುಂದೆ ಬಂದು ವ್ಯವಹಾರವನ್ನು ಕೊಂಡ ಮೇಲೆಯೇ ಅದು ಚೇತರಿಸಿಕೊಂಡದ್ದು. ಎಲ್ಲ ಗ್ರಾಹಕರಿಗೂ ಇಂತಹ ಅದೃಷ್ಟವಿರುವುದಿಲ್ಲ.

ಇಂತಹ ಸಂದರ್ಭದಲ್ಲಿ ಗ್ರಾಹಕ ಮೊದಲು ಬರುವುದು ಅಂಗಡಿಗೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 86ನೆಯ ಕಲಮನ್ನು ವರ್ತಕ ಬಾಂಧವರು ಓದಿಕೊಳ್ಳುವುದು ಒಳಿತು. ಉತ್ಪನ್ನದ ದೋಷದಿಂದ ವ್ಯಕ್ತಿಗೋ ಇತರ ಆಸ್ತಿಗೋ ಹಾನಿಯಾಗಿ, ತಯಾರಕರು ಯಾರೆಂಬುದೇ ತಿಳಿಯದಿದ್ದರೆ, ಅಥವಾ ತಿಳಿದರೂ ಅವರಿಗೆ ನೋಟಿಸ್ ಜಾರಿ ಮಾಡಲಾಗದಿದ್ದರೆ, ಹೊಣೆ ಮಾರಾಟಗಾರನ ಮೇಲೆ ಬರಬಹುದು. ಹೆಸರು ವಿಳಾಸವಿಲ್ಲದ ಆಮದು ಪ್ಲಗ್‌ನಲ್ಲಿ ಸಿಗುವ ಹೆಚ್ಚಿನ ಲಾಭಾಂಶವನ್ನು ಈ ಅಪಾಯದೊಡನೆ ತೂಗಿ ನೋಡಬೇಕು. ತಯಾರಕರ ವಾರಂಟಿಯ ಆಚೆಗೆ ಅಂಗಡಿಯವರೇ ನೀಡುವ ಪ್ರತ್ಯೇಕ ಭರವಸೆಯೂ ಇದೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಉಪಕರಣ ಕೇವಲ ಕೆಲಸ ನಿಲ್ಲಿಸಿದರೆ ಅದು ಈ ಅರ್ಥದ 'ಹಾನಿ' ಅಲ್ಲವಾದರೂ, ಸರಕಿನ ದೋಷ ಅಥವಾ ಸೇವಾ ನ್ಯೂನತೆಯೆಂದು ದೂರು ನೀಡುವ ದಾರಿ ಗ್ರಾಹಕನಿಗೆ ತೆರೆದೇ ಇರುತ್ತದೆ.

ನಾವೇ ಕೊಳ್ಳುವವರಾದಾಗ ಸ್ಥಿತಿ ತಿರುವುಮುರುವಾಗುತ್ತದೆ. ಅಧಿನಿಯಮದ 2(7)ನೆಯ ಕಲಮಿನ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಕೊಂಡವನು 'ಗ್ರಾಹಕ'ನಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡವನಿಗೆ ವಿನಾಯಿತಿಯಿದೆ. ಗೋದಾಮಿಗೆ ಹಾಕಿಸಿದ ಸ್ಮಾರ್ಟ್ ಬೀಗ ಕೈಕೊಟ್ಟರೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿರುವ ಸಂಭವವೇ ಹೆಚ್ಚು. ಖರೀದಿ ಆದೇಶದಲ್ಲಿ ಬರೆಸಿಕೊಂಡ ಷರತ್ತುಗಳೇ ಆಗ ಆಧಾರ.

ಆದುದರಿಂದ ಸರ್ವರ್ ಸೇವೆ ಮತ್ತು ಅಪ್‌ಡೇಟ್ ಎಷ್ಟು ವರ್ಷ ದೊರೆಯುತ್ತದೆಂಬುದನ್ನು ಪೂರೈಕೆದಾರರಿಂದ ಲಿಖಿತವಾಗಿ ಪಡೆಯಿರಿ. ಇಂಟರ್ನೆಟ್ ಇಲ್ಲದಾಗ ಏನೇನು ನಡೆಯುತ್ತದೆಂಬುದನ್ನೂ ಕೇಳಿರಿ. ಬೀಗವಾದರೆ ಕೈಯಿಂದ ತೆರೆಯುವ ಕೀಲಿ ಇರಲೇಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಭದ್ರತಾ ಅಪ್‌ಡೇಟ್‌ನ ಕನಿಷ್ಠ ಅವಧಿಯನ್ನು ಪ್ರಕಟಿಸುವುದು ತಯಾರಕರಿಗೆ ಕಡ್ಡಾಯವಾಗಿರುವುದರಿಂದ, ಅಲ್ಲಿಯೂ ಮಾರುವ ಕಂಪನಿಗಳು ಈ ಮಾಹಿತಿ ಇಲ್ಲವೆನ್ನಲಾರವು. ಹೀಗೆ ದೊರೆತ ಅವಧಿ ಮೂರು ವರ್ಷವಾದರೆ, ಲೆಕ್ಕಪುಸ್ತಕದಲ್ಲಿ ಆ ಉಪಕರಣಕ್ಕೆ ಹತ್ತು ವರ್ಷದ ಆಯುಸ್ಸು ತೋರಿಸಿ ಸವಕಳಿ ಬರೆಯುವುದನ್ನು ನಿಮ್ಮ ಲೆಕ್ಕಪರಿಶೋಧಕರು ಒಪ್ಪಲಾರರು.