ಕೆಡುತ್ತಿರುವ ಪೆನ್‌ಡ್ರೈವ್: ಮೊದಲು ನಕಲು, ಆಮೇಲೆ ದುರಸ್ತಿ



ತೋಟದ ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ರೂಢಿ ನಮ್ಮ ಸಣ್ಣ ಬೆಳೆಗಾರರಲ್ಲಿಯೂ ಬೆಳೆದಿರುವುದು ಸಂತೋಷದ ಸಂಗತಿ. ಆದರೆ ಹಾಜರಿ, ಬಟವಾಡೆ, ಮಳೆಯ ಲೆಕ್ಕ, ಮಾರಾಟದ ವಿವರ ಇವೆಲ್ಲವನ್ನೂ ಒಂದೇ ಪೆನ್‌ಡ್ರೈವಿನಲ್ಲಿಟ್ಟು ನಿಶ್ಚಿಂತರಾಗಿರುವುದು ಅಪಾಯಕರ. ಕಳೆದುಹೋದ ಪಹಣಿಯನ್ನು ‘ಭೂಮಿ’ ವ್ಯವಸ್ಥೆಯಿಂದ ಮತ್ತೆ ಪಡೆಯಬಹುದು. ನಿಮ್ಮ ತೋಟದಲ್ಲಿ ಇಪ್ಪತ್ತು ವರ್ಷ ಬಿದ್ದ ಹೂಮಳೆಯ ತಾರೀಖು, ಅಳತೆಗಳನ್ನು ಯಾವ ಕಚೇರಿಯೂ ಮತ್ತೆ ಕೊಡಲಾರದು.

ಪೆನ್‌ಡ್ರೈವ್ ಏಕೆ ಕೆಡುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಅದರೊಳಗೆ ಮಾಹಿತಿ ಹಿಡಿದಿಡುವುದು ‘ನ್ಯಾಂಡ್ ಫ್ಲ್ಯಾಶ್’ ಎಂಬ ಚಿಪ್ಪು. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೋಕಾ ಮತ್ತು ಸಂಗಡಿಗರು ಇದನ್ನು 1987ರಲ್ಲಿ ಪ್ರಕಟಿಸಿದರು. ಪೆನ್‌ಡ್ರೈವ್ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಚಿಪ್ಪಿನ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಾವೇಶವನ್ನು ತಡೆದಿಟ್ಟು ಮಾಹಿತಿಯನ್ನು ಉಳಿಸಲಾಗುತ್ತದೆ. ಅಳಿಸಿ ಬರೆದಂತೆಲ್ಲ ಕೋಶದ ನಿರೋಧಕ ಪದರ ಸವೆಯುತ್ತದೆ. ವರ್ಷಗಟ್ಟಲೆ ಬಳಸದೆ ಇಟ್ಟರೂ ಆವೇಶ ನಿಧಾನವಾಗಿ ಸೋರುತ್ತದೆ. ಬಿಸಿಯಲ್ಲಿ ಇನ್ನೂ ಬೇಗ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅಥವಾ ಪೆನ್‌ಡ್ರೈವನ್ನು ಕಿತ್ತರೆ ಕಡತಗಳು ಕೆಡುವುದೂ ಉಂಟು.

ಕಡತ ತೆರೆಯಲು ಬಹಳ ಹೊತ್ತು ಹಿಡಿಯುವುದು, ಹೆಸರುಗಳು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುವುದು, ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ಕೇಳುವುದು ಇವು ಮುನ್ಸೂಚನೆಗಳು. ಕೆಲವು ಪೆನ್‌ಡ್ರೈವ್‌ಗಳು ದೋಷ ಕಂಡೊಡನೆ ಬರೆಯಲು ಬಿಡದೆ ಓದಲು ಮಾತ್ರ ಅವಕಾಶ ಕೊಡುತ್ತವೆ. ನಕಲು ಮಾಡಿಕೊಳ್ಳಲು ಅದೇ ಕೊನೆಯ ಅವಕಾಶವೆಂದು ತಿಳಿಯತಕ್ಕದ್ದು.

ಇಂತಹ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ ಹೀಗಿದೆ:

ಒಂದು: ಅದರಲ್ಲಿ ಹೊಸದಾಗಿ ಏನನ್ನೂ ಬರೆಯಕೂಡದು. ಫಾರ್ಮ್ಯಾಟ್‌ಗೆ ಒಪ್ಪಿಗೆ ಕೊಡಕೂಡದು. ‘ಚೆಕ್‌ಡಿಸ್ಕ್’ ದುರಸ್ತಿಯನ್ನೂ ಈಗ ನಡೆಸಕೂಡದು. ಅದು ಪೆನ್‌ಡ್ರೈವಿನ ಮೇಲೆಯೇ ತಿದ್ದುಪಡಿ ಬರೆಯುತ್ತದೆ.

ಎರಡು: ತೆರೆಯುವಂತಿದ್ದರೆ ಮತ್ತೆ ಸಿಗಲಾರದ ಕಡತಗಳನ್ನು ಮೊದಲು ಕಂಪ್ಯೂಟರಿಗೆ ನಕಲು ಮಾಡಿ. ಶಿಥಿಲವಾದ ಅಡಿಕೆ ಮರವನ್ನು ಮತ್ತೆ ಮತ್ತೆ ಹತ್ತಿಸುವವರಿಲ್ಲ. ಹತ್ತಿದ ಒಂದೇ ಸಲಕ್ಕೆ ಬಲಿತ ಗೊನೆಯನ್ನು ಇಳಿಸಿಕೊಳ್ಳಬೇಕು.

ಮೂರು: ಕಡತಗಳು ತೆರೆಯದಿದ್ದರೆ ಇಡೀ ಪೆನ್‌ಡ್ರೈವಿನ ಪಡಿಯಚ್ಚನ್ನು ಬೇರೆ ಡಿಸ್ಕಿಗೆ ತೆಗೆಯಬೇಕು. ಲಿನಕ್ಸ್‌ನಲ್ಲಿ ನಡೆಯುವ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ತೆಗೆದುಕೊಂಡು, ಕೆಟ್ಟ ಭಾಗಗಳನ್ನು ಕೊನೆಗೆ ಪ್ರಯತ್ನಿಸುತ್ತದೆ. ಕಂಪ್ಯೂಟರ್ ಬಲ್ಲ ಮಕ್ಕಳ ಸಹಾಯ ಪಡೆಯಬಹುದು.

ನಾಲ್ಕು: ಆ ಪಡಿಯಚ್ಚಿನಿಂದ ‘ಟೆಸ್ಟ್‌ಡಿಸ್ಕ್’, ‘ಫೋಟೋರೆಕ್’ ಎಂಬ ಉಚಿತ ತಂತ್ರಾಂಶಗಳ ಮೂಲಕ ಕಡತಗಳನ್ನು ಹುಡುಕಿ. ಕಡತವನ್ನು ಅಳಿಸಿದಾಗ ಹೋಗುವುದು ಸಾಮಾನ್ಯವಾಗಿ ಖಾತೆ ಪುಸ್ತಕದ ಸೂಚಿಯಂತಹ ಭಾಗ ಮಾತ್ರ. ಮೇಲೆ ಬೇರೆಯದನ್ನು ಬರೆಯುವವರೆಗೆ ಒಳಪುಟಗಳು ಉಳಿದಿರುತ್ತವೆ. ಫೋಟೋರೆಕ್‌ನಿಂದ ಬಂದ ಕಡತಗಳಿಗೆ ಹಳೆಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಒಂದೊಂದಾಗಿ ತೆರೆದು ಗುರುತಿಸಬೇಕು. ಸಿಕ್ಕಿದ್ದನ್ನು ಅದೇ ಪೆನ್‌ಡ್ರೈವಿಗೆ ತುಂಬಕೂಡದು.

ಐದು: ಯಾವ ಕಂಪ್ಯೂಟರೂ ಅದನ್ನು ಗುರುತಿಸದಿದ್ದರೆ ಅಥವಾ ಅದು ವಿಪರೀತ ಬಿಸಿಯಾದರೆ, ಪ್ರಯತ್ನವನ್ನು ನಿಲ್ಲಿಸಿ ಅನುಭವಸ್ಥ ತಂತ್ರಜ್ಞರಲ್ಲಿಗೆ ಒಯ್ಯಿರಿ. ವೆಚ್ಚ ಹೆಚ್ಚಾಗಬಹುದು, ಫಲ ಖಚಿತವಲ್ಲ.

ಆದ್ದರಿಂದ ಕೆಡುವ ಮುನ್ನವೇ ನಕಲು ಮಾಡಿಡುವುದು ಜಾಣತನ. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಪ್ರತ್ಯೇಕ ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದು ಊರಾಚೆಯ ನೆಂಟರ ಮನೆಯಲ್ಲಿ ಅಥವಾ ಅಂತರಜಾಲದ ಖಾತೆಯಲ್ಲಿರಲಿ. ಸಿಡಿಲು ಒಂದು ಮನೆಗೆ ಹೊಡೆದರೂ ಲೆಕ್ಕ ಉಳಿಯುತ್ತದೆ. ನಕಲಾದ ಕಡತವನ್ನು ತೆರೆದು ನೋಡದೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಪೆನ್‌ಡ್ರೈವ್ ಸಾಗಿಸುವ ಚೀಲ. ಅದನ್ನು ಉಗ್ರಾಣ ಮಾಡಿಕೊಳ್ಳುವುದು ಬೇಡ.

ತಿಂಗಳ ಕೊನೆಯ ಬಟವಾಡೆ ಮುಗಿಸಿದ ಸಂಜೆಯನ್ನೇ ಈ ಕೆಲಸಕ್ಕೆ ಗೊತ್ತುಮಾಡಿಕೊಂಡರೆ ಮರೆವಿಗೆ ಆಸ್ಪದವಿರುವುದಿಲ್ಲ. ಸದಸ್ಯರು ಈ ತಿಂಗಳಿನಿಂದಲೇ ಆರಂಭಿಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ