ಮೊದಲು ಹೊಳೆದ ಉತ್ತರ ತಪ್ಪಾದಾಗ

ಬೆಳಗಿನ ಜಾವ ನಾಲ್ಕು ಗಂಟೆ. ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದ ಇಪ್ಪತ್ತರ ಹುಡುಗ ಹೊಟ್ಟೆನೋವೆಂದು ಎದ್ದು ಕೂರುತ್ತಾನೆ. ಒಮ್ಮೆ ವಾಂತಿಯಾಗುತ್ತದೆ. ರಾತ್ರಿಯ ಊಟ ಹಿಡಿಸಲಿಲ್ಲವೆಂದು ಮನೆಯವರು ಸೋಡಾ ಕುಡಿಸುತ್ತಾರೆ. ಆರು ಗಂಟೆಯ ಹೊತ್ತಿಗೆ ಅವನ ರೆಪ್ಪೆಗಳು ಜೋತುಬಿದ್ದಿವೆ, ಎಂಜಲು ನುಂಗಲೂ ಕಷ್ಟ. ಮೈಮೇಲೆ ಗಾಯವಿಲ್ಲ, ಊತವಿಲ್ಲ, ಜ್ವರವಿಲ್ಲ. ಏನಾಗಿದೆ?

ತುರ್ತು ಚಿಕಿತ್ಸೆ ನೀಡುವವರ ತಿಳಿವಳಿಕೆಯನ್ನು ಪರೀಕ್ಷಿಸುವ ಪ್ರಶ್ನೆಗಳು ಹೀಗಿರುತ್ತವೆ. ನೀಟ್‌ಗೆ ಓದುತ್ತಿರುವ ನಿಮಗೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವುದು ರೂಢಿಯಾಗಿದೆ. ಇಲ್ಲಿ ಆಯ್ಕೆಗಳೂ ಇಲ್ಲ, ಗಡಿಯಾರ ಬೇರೆ ಓಡುತ್ತಿರುತ್ತದೆ. ನಮ್ಮ ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾದದ್ದು 2008ರ ನವೆಂಬರ್ 1ರಂದು. ಸಾಮಾನ್ಯವಾಗಿ ಆ ವಾಹನದಲ್ಲಿ ವೈದ್ಯರಿರುವುದಿಲ್ಲ. ಓಡಿಸುವ 'ಪೈಲಟ್' ಒಬ್ಬರು, ತುರ್ತು ವೈದ್ಯಕೀಯ ತಂತ್ರಜ್ಞರು ಒಬ್ಬರು. ಹೊಸಹೊಳಲಿನಿಂದ ಕೆ.ಆರ್. ಪೇಟೆಯ ತಾಲ್ಲೂಕು ಆಸ್ಪತ್ರೆ ಹತ್ತಿರವೇ ಇದೆ, ನಿಜ. ಆದರೆ ಅಲ್ಲಿಂದ ಮುಂದೆ ಮಂಡ್ಯದ ಮಿಮ್ಸ್‌ಗಾಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗಾಗಲಿ ಕಳುಹಿಸಿದರೆ ದೂರದ ಹಾದಿ. ಅಷ್ಟು ಹೊತ್ತು ರೋಗಿಯ ಜೀವ ಆ ತಂತ್ರಜ್ಞರ ಕೈಯಲ್ಲಿರುತ್ತದೆ.

ಹುಡುಗನಿಗೆ ಕಚ್ಚಿದ್ದು ಕಟ್ಟುಹಾವು. ಅದರ ಹಲ್ಲು ಚಿಕ್ಕದು, ಕಚ್ಚಿದ ಗುರುತು ಎಷ್ಟೋ ಸಲ ಕಾಣುವುದಿಲ್ಲ, ನೋವೂ ಅಷ್ಟಕ್ಕಷ್ಟೆ. ರಾತ್ರಿ ಓಡಾಡುವ ಹಾವಾದ್ದರಿಂದ ನೆಲದಲ್ಲಿ ಮಲಗಿದವರಿಗೇ ಅಪಾಯ ಹೆಚ್ಚು. ವಿಷ ನರದ ತುದಿಗೇ ಹೋಗಿ ಅಲ್ಲಿಂದ ಅಸಿಟೈಲ್‌ಕೋಲಿನ್ ಬಿಡುಗಡೆಯಾಗದಂತೆ ಮಾಡುತ್ತದೆ. ಮೊದಲು ರೆಪ್ಪೆ ಸೋಲುತ್ತದೆ, ಆಮೇಲೆ ಗಂಟಲು, ಕೊನೆಗೆ ಉಸಿರಾಟದ ಸ್ನಾಯು. ಒಮ್ಮೆ ನರದ ತುದಿ ಹಾಳಾದ ಮೇಲೆ ಪ್ರತಿವಿಷ ಕೊಟ್ಟರೂ ಅದು ತಕ್ಷಣ ಸರಿಹೋಗುವುದಿಲ್ಲ. ಆಗ ಹುಡುಗನನ್ನು ಉಳಿಸುವುದು ಕೃತಕ ಉಸಿರಾಟ. 'ಗ್ಯಾಸ್ಟ್ರಿಕ್' ಎಂದು ಚುಚ್ಚುಮದ್ದು ಕೊಟ್ಟು ಮನೆಗೆ ಕಳುಹಿಸಿದರೆ ಮುಗಿಯಿತು.

ಇದಕ್ಕೆ ಜೋಡಿಯಾಗಿ ಇನ್ನೊಂದು ಪ್ರಶ್ನೆ ಇದೆ. ಗದ್ದೆಗೆ ಕೀಟನಾಶಕ ಹೊಡೆದು ಬಂದ ರೈತರೊಬ್ಬರಿಗೆ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಆರ್ಗನೋಫಾಸ್ಫೇಟ್ ವಿಷವೆಂದು ಗುರುತಿಸಿ ಅಟ್ರೋಪಿನ್ ಕೊಟ್ಟಾಯಿತು. ನಾಡಿ ನಿಮಿಷಕ್ಕೆ 120ಕ್ಕೆ ಏರಿದೆ, ಆದರೆ ಶ್ವಾಸಕೋಶದಲ್ಲಿ ಗೊರಗೊರ ಸದ್ದು ಹಾಗೇ ಇದೆ. ಅಟ್ರೋಪಿನ್ ನಿಲ್ಲಿಸಬೇಕೇ? ನಾಡಿ ನೋಡಿ ಹೆದರಿ 'ಹೌದು' ಎನ್ನುವವರು ಬಹಳ. ಸರಿಯುತ್ತರ: ನಿಲ್ಲಿಸಬಾರದು, ಎದೆ ಒಣಗಿ ಉಸಿರು ಸ್ವಚ್ಛವಾಗುವವರೆಗೂ ಮುಂದುವರಿಸಬೇಕು. ಈ ವಿಷದಲ್ಲಿ ಜನ ಸಾಯುವುದು ತಮ್ಮದೇ ಸ್ರಾವದಲ್ಲಿ ಮುಳುಗಿ. ಕಟ್ಟುಹಾವಿನ ವಿಷದಲ್ಲಿ ಅಸಿಟೈಲ್‌ಕೋಲಿನ್ ಬರುವುದೇ ಇಲ್ಲ, ಇಲ್ಲಿ ಬಂದದ್ದು ಕರಗುವುದಿಲ್ಲ. ಪ್ರಥಮ ಪಿಯುಸಿಯಲ್ಲಿ ನರ ಮತ್ತು ಸ್ನಾಯು ಸೇರುವ ಜಾಗದ ಚಿತ್ರ ಬಿಡಿಸಿ ಅಂಕ ಪಡೆದಿರಲ್ಲ, ಆ ಚಿತ್ರದ ಎರಡು ತುದಿಗಳಿವು.

ಕೊಳಕುಮಂಡಲದ ಪ್ರಶ್ನೆಗಳು ಬೇರೆ ರೀತಿ. ಕಬ್ಬಿನ ಗದ್ದೆ, ಬದು, ಇಲಿ ಇರುವ ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಹಾವು. ಇದರ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಪತ್ತೆಗೆ ಯಂತ್ರವೇನೂ ಬೇಡ: ಎರಡು ಮಿ.ಲೀ. ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಬಾಗಿಸಿ ನೋಡುವುದು. ಹರಿದರೆ ವಿಷ ಏರಿದೆ. ಪ್ರಶ್ನೆ ಏನೆಂದರೆ, ಪ್ಲಾಸ್ಟಿಕ್ ನಳಿಕೆ ಬಳಸಿದರೆ ಏನಾಗುತ್ತದೆ? ಗಾಜಿನ ಮೇಲ್ಮೈಯೇ ಹೆಪ್ಪುಗಟ್ಟುವ ಕ್ರಿಯೆಯನ್ನು ಚಾಲೂ ಮಾಡುವುದು. ಪ್ಲಾಸ್ಟಿಕ್‌ನಲ್ಲಿ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ, ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು.

ನನಗೆ ಬಹಳ ಇಷ್ಟವಾದ ಪ್ರಶ್ನೆ ಮುಂದಿನದು. ಅರವತ್ತು ಕಿಲೋ ತೂಕದ ತಂದೆಗೂ ಇಪ್ಪತ್ತು ಕಿಲೋ ತೂಕದ ಮಗಳಿಗೂ ಕೊಳಕುಮಂಡಲ ಕಚ್ಚಿ ಇಬ್ಬರಿಗೂ ವಿಷ ಏರಿದೆ. ತಂದೆಗೆ ಮೊದಲಿಗೆ 10 ಸೀಸೆ ಪ್ರತಿವಿಷ ಕೊಟ್ಟರೆ ಮಗಳಿಗೆಷ್ಟು? ಔಷಧಿಯೆಲ್ಲ ತೂಕದ ಲೆಕ್ಕದಲ್ಲಿ ಎಂದು ಕಲಿತವರು ಮೂರೂ ಚಿಲ್ಲರೆ ಎನ್ನುತ್ತಾರೆ. ಮಗುವಿಗೂ ಹತ್ತೇ. ಪ್ರತಿವಿಷ ಕೆಲಸ ಮಾಡುವುದು ಮಗುವಿನ ಮೈಮೇಲಲ್ಲ, ವಿಷದ ಮೇಲೆ. ಹಾವೇನು ತೂಕ ನೋಡಿ ಕಚ್ಚುವುದಿಲ್ಲ. ಕೊಳಕುಮಂಡಲ ಒಂದು ಸಲಕ್ಕೆ ಬಿಡುವ ವಿಷ ಸರಾಸರಿ 63 ಮಿ.ಗ್ರಾಂ. ಪ್ರತಿವಿಷದ ಒಂದು ಮಿ.ಲೀ. ಅದರಲ್ಲಿ 0.6 ಮಿ.ಗ್ರಾಂ ಅನ್ನು ನಿಷ್ಕ್ರಿಯಗೊಳಿಸುತ್ತದೆ. ಹತ್ತು ಮಿ.ಲೀ.ಯ ಹತ್ತು ಸೀಸೆ ಎಂದರೆ 60 ಮಿ.ಗ್ರಾಂ. ಲೆಕ್ಕ ನೀವೇ ಮಾಡಿ ನೋಡಿ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿದೆ.

ಹಾವಿನ ಮಾತು ಸಾಕು. ಎರಡು ವರ್ಷದ ಹಿಂದೆ ರಂಜಾನ್ ತಿಂಗಳ ಒಂದು ಮಧ್ಯಾಹ್ನ ನಮ್ಮ ನಾನಾ ಮಾತು ತೊದಲಿ, ಬಲಗೈ ಎತ್ತಲಾರದೆ ಕುಸಿದರು. ಲಕ್ವಾ ಹೊಡೆಯಿತೆಂದು ಮನೆಯಲ್ಲಿ ಅಳು ಶುರುವಾಯಿತು. ಯಾರೋ ಬಾಯಿಗೆ ನೀರು ಹಾಕಲು ಹೋದರು. ಬಂದ ಆಂಬುಲೆನ್ಸ್‌ನ ಹುಡುಗಿ ಅದನ್ನು ತಡೆದು, ಬೆರಳು ಚುಚ್ಚಿ ಸಕ್ಕರೆ ನೋಡಿದಳು: 38. ರಕ್ತನಾಳಕ್ಕೆ ಗ್ಲೂಕೋಸ್ ಹೋದ ಸ್ವಲ್ಪ ಹೊತ್ತಿಗೆ ನಾನಾ ಕಣ್ಣುಬಿಟ್ಟು, ಇಷ್ಟು ಜನ ಏಕೆ ಸೇರಿದ್ದೀರಿ ಎಂದು ಬೈದರು. ಸಕ್ಕರೆ ತೀರಾ ಇಳಿದರೆ ಲಕ್ವಾದಂತೆಯೇ ಕಾಣಬಹುದು. ಅದಕ್ಕೇ ಲಕ್ವಾದ ಪ್ರಶ್ನೆಯಲ್ಲಿ 'ಮೊದಲು ಏನು ಮಾಡುತ್ತೀರಿ' ಎಂದು ಕೇಳಿದರೆ ಉಸಿರು, ನಾಡಿ ನೋಡಿದ ಕೂಡಲೆ ಸಕ್ಕರೆ ನೋಡುವುದೇ ಉತ್ತರ. ಅದೇ ಪ್ರಶ್ನೆಯ ಎರಡನೇ ಭಾಗದಲ್ಲಿ ಹೆಚ್ಚಿನವರು ಎಡವುತ್ತಾರೆ. ರೋಗಿ ಎದ್ದು ಕೂತರು, ಆಸ್ಪತ್ರೆಗೆ ಬರುವುದಿಲ್ಲ ಎನ್ನುತ್ತಾರೆ, ಬಿಡಬಹುದೇ? ನಾನಾ ನುಂಗುತ್ತಿದ್ದದ್ದು ಗ್ಲಿಮೆಪಿರೈಡ್ ಮಾತ್ರೆ. ಅದರ ಪರಿಣಾಮ ಗಂಟೆಗಟ್ಟಲೆ ಇರುತ್ತದೆ, ಗ್ಲೂಕೋಸ್ ಖರ್ಚಾದ ಮೇಲೆ ಸಕ್ಕರೆ ಮತ್ತೆ ಬೀಳುತ್ತದೆ. ಬಿಡುವಂತಿಲ್ಲ. ನಾನಾ ಗೊಣಗುತ್ತಲೇ ಹೋಗಿ ಒಂದು ರಾತ್ರಿ ಅಲ್ಲೇ ಇದ್ದರು. ಸಕ್ಕರೆ ಕಾಯಿಲೆಯವರು ಉಪವಾಸಕ್ಕೆ ಮುಂಚೆ ವೈದ್ಯರಲ್ಲಿ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕೆಂದು ನಮಗೆ ತಿಳಿದದ್ದು ಅವತ್ತೇ.

ಇನ್ನೊಂದನ್ನು ನಿಮಗೇ ಬಿಡುತ್ತೇನೆ. ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿಯಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೆ 108 ಬರುವಷ್ಟರಲ್ಲಿ ಊರವರು ಬಿಗಿದುಬಿಟ್ಟಿದ್ದಾರೆ, ಪಾದ ನೀಲಿಯಾಗಿದೆ, ಹಗ್ಗದ ಕೆಳಗೆ ನಾಡಿ ಸಿಗುತ್ತಿಲ್ಲ. ಆಂಬುಲೆನ್ಸ್‌ನಲ್ಲಿ ಪ್ರತಿವಿಷವಿಲ್ಲ, ತಾಲ್ಲೂಕು ಆಸ್ಪತ್ರೆ ಹತ್ತು ನಿಮಿಷದ ದೂರದಲ್ಲಿದೆ. ಹಗ್ಗವನ್ನು ಅಲ್ಲೇ ಬಿಚ್ಚಬೇಕೋ, ಆಸ್ಪತ್ರೆಯಲ್ಲೋ? ಏಕೆ? ಉತ್ತರವನ್ನು ಕಾರಣದೊಂದಿಗೆ ಬರೆದು ಜೀವಶಾಸ್ತ್ರ ವಿಭಾಗಕ್ಕೆ ತಲುಪಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.